ಪರದೇಶದಲ್ಲಿ ಹೊಟ್ಟೆ ಕೆಟ್ಟರೆ: ಮೊದಲು ಆಂಟಿಬಯಾಟಿಕ್ಕೋ, ಮೊದಲು ನೀರೋ?

ಪ್ರಶ್ನೆ: ನನಗೆ 59 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಜೊತೆಗೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಮುಂದಿನ ತಿಂಗಳು ನಾನು, ನನ್ನ ಹೆಂಡತಿ, ಮಗ, ಸೊಸೆ ಮತ್ತು ನಾಲ್ಕು ವರ್ಷದ ಮೊಮ್ಮಗಳು ಎರಡು ವಾರ ವಿದೇಶ ಪ್ರವಾಸಕ್ಕೆ ಹೊರಟಿದ್ದೇವೆ. ಹಿಂದಿನ ಸಲ ಹೋದಾಗ ಬಾಟಲಿ ನೀರು ಬಿಟ್ಟು ಬೇರೇನೂ ಕುಡಿದಿರಲಿಲ್ಲ. ಆದರೂ ಮೂರನೇ ದಿನಕ್ಕೇ ಭೇದಿ ಹಿಡಿಯಿತು. ಅಲ್ಲಿನ ಔಷಧಿ ಅಂಗಡಿಯವರು ಎರಡು ಮದ್ದು ಸೇರಿಸಿದ ಒಂದು ಮಾತ್ರೆ ಕೊಟ್ಟರು, ಐದು ದಿನ ನುಂಗಿದೆ. ಈ ಸಲ ಒಬ್ಬ ಸ್ನೇಹಿತರು, ‘ಹೊರಟ ದಿನದಿಂದಲೇ ದಿನಕ್ಕೊಂದು ಆಂಟಿಬಯಾಟಿಕ್ ಹಾಕಿಕೊಳ್ಳಿ, ತಂಟೆಯೇ ಇರುವುದಿಲ್ಲ’ ಎನ್ನುತ್ತಿದ್ದಾರೆ. ಇನ್ನೊಬ್ಬರು, ‘ಭೇದಿ ನಿಲ್ಲಿಸುವ ಮಾತ್ರೆ ಮಾತ್ರ ಮುಟ್ಟಬೇಡಿ, ವಿಷ ಒಳಗೇ ನಿಂತುಬಿಡುತ್ತದೆ’ ಎಂದು ಹೆದರಿಸಿದ್ದಾರೆ. ಓಆರ್‌ಎಸ್‌ನಲ್ಲಿ ಸಕ್ಕರೆ ಇರುತ್ತದಲ್ಲ, ನಾನು ಕುಡಿಯಬಹುದೇ? ಮಗುವಿಗೆ ಏನು ಕೊಡಬೇಕು?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ನಾಲ್ಕೈದಾದರೂ ಅವುಗಳ ಹಿಂದಿನ ಚಿಂತೆ ಒಂದೇ. ಅಷ್ಟು ಜೋಪಾನ ಮಾಡಿದರೂ ಹೊಟ್ಟೆ ಕೆಟ್ಟಿತು, ಹಾಗಾದರೆ ಮದ್ದನ್ನೇ ಮುಂಚಿತವಾಗಿ ನುಂಗಿಬಿಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದೀರಿ. ಅದು ಬೇಡ. ಯಾಕೆ ಬೇಡ ಎಂದು ಹೇಳುತ್ತೇನೆ. ನಿಮ್ಮ ವಿಷಯದಲ್ಲಿ ಆಂಟಿಬಯಾಟಿಕ್‌ಗಿಂತ ಮುಖ್ಯವಾದ ಎರಡು ಸಂಗತಿಗಳಿವೆ, ನಿಮ್ಮ ಸ್ನೇಹಿತರಿಬ್ಬರೂ ಅವನ್ನು ಹೇಳಿಲ್ಲ. ಅವನ್ನೂ ಹೇಳುತ್ತೇನೆ.

ಮೊದಲು ಹಿಂದಿನ ಸಲದ ಕಥೆ. ಬಾಟಲಿ ನೀರು ಕುಡಿದರೂ ಭೇದಿ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಅಪಾಯ ಹೆಚ್ಚಿರುವ ಪ್ರದೇಶಗಳಿಗೆ ಎರಡು ವಾರ ಹೋಗಿಬರುವವರಲ್ಲಿ, ಜಾಗ ಮತ್ತು ಋತುವಿಗೆ ತಕ್ಕಂತೆ, 100ಕ್ಕೆ 30ರಿಂದ 70 ಜನರಿಗೆ ಹೊಟ್ಟೆ ಕೆಡುತ್ತದೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಲ ಕಾರಣ ಬ್ಯಾಕ್ಟೀರಿಯಾ. ಅದರಲ್ಲೂ ಕರುಳಿನಲ್ಲಿ ವಿಷ ಉತ್ಪಾದಿಸುವ ಇ. ಕೋಲೈ ತಳಿಯದೇ ದೊಡ್ಡ ಪಾಲು. ಕ್ಯಾಂಪೈಲೋಬ್ಯಾಕ್ಟರ್, ಶಿಗೆಲ್ಲಾ, ಸಾಲ್ಮೊನೆಲ್ಲಾ ಅದರ ಹಿಂದೆ ಬರುತ್ತವೆ. ನೊರೋವೈರಸ್‌ನಂಥ ವೈರಸ್‌ಗಳದ್ದು ಚಿಕ್ಕ ಪಾಲು. ಜಿಯಾರ್ಡಿಯಾದಂಥ ಪರಾವಲಂಬಿಗಳು ವಾರಗಟ್ಟಲೆ ಎಳೆಯುವ ಭೇದಿಯಲ್ಲಿ ಹೆಚ್ಚು ಕಾಣುತ್ತವೆ. ಅಮೀಬಾ ಮಾತ್ರ ಜನ ಅಂದುಕೊಂಡಷ್ಟು ಸಾಮಾನ್ಯವಲ್ಲ. ಎರಡು ವಾರದ ಪ್ರವಾಸಿಗೆ ಬರುವ ನೀರಿನಂಥ ಭೇದಿಗೆ ಅಮೀಬಾ ಕಾರಣವಾಗುವುದು ಅಪರೂಪ. ಅದಕ್ಕೂ ಇರಲಿ, ಇದಕ್ಕೂ ಇರಲಿ ಎಂದು ಎರಡು ಮದ್ದು ಬೆರೆಸಿದ ಮಾತ್ರೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಭೇದಿ ಐದು ದಿನದಲ್ಲಿ ನಿಂತಿತು, ಸರಿ. ಆದರೆ ಮದ್ದೇ ಇಲ್ಲದಿದ್ದರೂ ಬ್ಯಾಕ್ಟೀರಿಯಾದ ಭೇದಿ ಸಾಮಾನ್ಯವಾಗಿ ಮೂರರಿಂದ ಏಳು ದಿನದೊಳಗೆ ತಾನಾಗಿಯೇ ನಿಲ್ಲುತ್ತದೆ.

ರೋಗಾಣು ಬಹುಮಟ್ಟಿಗೆ ಒಳಹೋಗುವುದು ಅಡುಗೆಮನೆಯ ಕೈಗಳ ಮೂಲಕ. ಬೇಯಿಸಿದ ಅಡುಗೆಯನ್ನು ಹಸಿ ಮಾಂಸ ಹೆಚ್ಚಿದ ಮಣೆಯ ಮೇಲಿಟ್ಟಿರಬಹುದು, ಚಟ್ನಿಯೋ ಸಾಸೋ ಬೆಳಗಿನಿಂದ ಹಾಗೇ ಹೊರಗೆ ಕೂತಿರಬಹುದು, ಸೊಪ್ಪು-ತರಕಾರಿಯನ್ನು ನಲ್ಲಿ ನೀರಲ್ಲಿ ಅದ್ದಿ ತೆಗೆದಿರಬಹುದು. ಇದ್ಯಾವುದೂ ಊಟಕ್ಕೆ ಕೂತವರ ಕಣ್ಣಿಗೆ ಬೀಳುವುದಿಲ್ಲ. ‘ಕುದಿಸು, ಬೇಯಿಸು, ಸಿಪ್ಪೆ ಸುಲಿ, ಇಲ್ಲವೇ ಬಿಡು’ ಎಂಬ ಹಳೆಯ ಬುದ್ಧಿಮಾತು ಒಳ್ಳೆಯದೇ. ಆದರೆ ಅದನ್ನು ಪಾಲಿಸಿದವರಿಗೂ ಪಾಲಿಸದವರಿಗೂ ಅಧ್ಯಯನಗಳಲ್ಲಿ ನಿರೀಕ್ಷಿಸಿದಷ್ಟು ವ್ಯತ್ಯಾಸ ಕಂಡುಬಂದಿಲ್ಲ. ಹಾಗಾಗಿ ಹೊಟ್ಟೆ ಕೆಟ್ಟವರನ್ನು ‘ಸಿಕ್ಕಿದ್ದೆಲ್ಲ ತಿಂದಿರಬೇಕು’ ಎಂದು ಮನೆಮಂದಿ ಬೈಯುವುದು ನ್ಯಾಯವಲ್ಲ.

ಇನ್ನೊಂದು ಮಾತು. ಭೇದಿ ಶುರುವಾದ ಕೂಡಲೇ ಎಲ್ಲರೂ ಕಟ್ಟಕಡೆಗೆ ತಿಂದದ್ದನ್ನು ದೂರುತ್ತಾರೆ. ಬ್ಯಾಕ್ಟೀರಿಯಾ, ವೈರಸ್‌ಗಳು ಒಳಹೊಕ್ಕು ತೊಂದರೆ ಕೊಡಲು 6ರಿಂದ 72 ಗಂಟೆ ಬೇಕು. ತಪ್ಪಿತಸ್ಥ ಊಟ ಮೊನ್ನೆ ಮಧ್ಯಾಹ್ನದ್ದಾಗಿರಬಹುದು. ಊಟವಾದ ಎರಡು-ಮೂರು ಗಂಟೆಯಲ್ಲೇ ಜೋರು ವಾಂತಿ ಶುರುವಾಯಿತೆಂದರೆ ಅದು ಹೆಚ್ಚಾಗಿ ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷದ ಕೆಲಸ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ಆಂಟಿಬಯಾಟಿಕ್‌ನಿಂದ ಅದಕ್ಕೆ ಏನೂ ಪ್ರಯೋಜನವಿಲ್ಲ.

ಹಾಗೆಂದು ಎಚ್ಚರಿಕೆ ವ್ಯರ್ಥವಲ್ಲ, ಎಲ್ಲಿ ಫಲ ಇದೆಯೋ ಅಲ್ಲಿ ಎಚ್ಚರ ಇರಲಿ. ನಾನು ನೋಡುವುದು ಬಿಸಿಯನ್ನು. ತಟ್ಟೆ ಮುಂದೆ ಬಂದಾಗ ಹಬೆ ಏಳುತ್ತಿರಬೇಕು, ಮೊದಲ ತುತ್ತಿಗೆ ಊದಿಕೊಳ್ಳುವಂತಿರಬೇಕು. ದೊಡ್ಡ ಹೋಟೆಲಿನ ಬಫೆಯಲ್ಲಿ ಉಗುರುಬೆಚ್ಚಗೆ ಕೂತಿರುವ ತಿನಿಸಿಗಿಂತ ನಿಮ್ಮ ಕಣ್ಣೆದುರೇ ಬಾಣಲೆಯಿಂದ ತೆಗೆದ ಬೀದಿಬದಿಯ ತಿಂಡಿ ಎಷ್ಟೋ ಸಲ ವಾಸಿ. ಜಾಗ ಥಳಥಳ ಹೊಳೆದರೆ ತಿನಿಸೂ ಶುಚಿ ಎಂದಲ್ಲ. ಹೆಚ್ಚಿಟ್ಟ ಹಣ್ಣು, ಸಲಾಡ್, ಮೇಜಿನ ಮೇಲಿನ ತೆರೆದ ಸಾಸ್, ಐಸ್ ಇವು ಬೇಡ. ನೀರು ಗಡ್ಡೆಕಟ್ಟಿದರೆ ರೋಗಾಣು ಸಾಯುವುದಿಲ್ಲ, ಗ್ಲಾಸಿನಲ್ಲಿರುವ ಮದ್ಯವೂ ಐಸ್‌ ತುಂಡನ್ನು ಶುದ್ಧ ಮಾಡುವುದಿಲ್ಲ. ಬಾಟಲಿ ನೀರು ಸಿಗದ ಕಡೆ ನೀರನ್ನು ಚೆನ್ನಾಗಿ ಕೊತಕೊತ ಒಂದು ನಿಮಿಷ ಕುದಿಸಿದರೆ ಸಾಕು. ಸಮುದ್ರಮಟ್ಟದಿಂದ 2000 ಮೀಟರಿಗೂ ಎತ್ತರದ ಜಾಗವಾದರೆ ಮೂರು ನಿಮಿಷ ಕುದಿಸಿ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಸೋಪು ಸಿಗದಿದ್ದರೆ ಕನಿಷ್ಠ 60 ಶೇಕಡಾ ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಬಳಸಿ. ಆದರೆ ನೊರೋವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಒಬ್ಬರಿಗೆ ವಾಂತಿ ಶುರುವಾದರೆ ಉಳಿದವರು ಸೋಪು-ನೀರನ್ನೇ ನಂಬಿ.

ಇನ್ನು ನಿಮ್ಮ ಸ್ನೇಹಿತರು ಹೇಳದ ಮೊದಲ ಸಂಗತಿ: ನಿಮ್ಮ ಗ್ಯಾಸ್ ಮಾತ್ರೆ. ಜಠರದ ಆಮ್ಲ ರೋಗಾಣುಗಳಿಗೆ ಮೊದಲ ತಡೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಂಪಿನ ಮಾತ್ರೆಗಳು ಆ ಆಮ್ಲವನ್ನೇ ತಗ್ಗಿಸುವುದರಿಂದ ಸೋಂಕು ಹಿಡಿಯುವ ಸಾಧ್ಯತೆ ಹೆಚ್ಚುತ್ತದೆ. ಯಾವತ್ತೋ ಎದೆಯುರಿಗೆಂದು ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ನುಂಗುತ್ತಿರುವವರು ನನ್ನ ಬಳಿ ಬರುವವರಲ್ಲಿ ಕಡಿಮೆಯೇನಿಲ್ಲ. ನಿಮಗೆ ಅದು ಈಗಲೂ ಬೇಕೇ ಎಂದು ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಹುಣ್ಣು, ರಕ್ತಸ್ರಾವದಂಥ ಕಾರಣಕ್ಕೆ ಕೊಟ್ಟಿದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ದಿನಕ್ಕೊಂದು ಆಂಟಿಬಯಾಟಿಕ್ ವಿಷಯ. ಅದರಿಂದ ಭೇದಿ ಕಡಿಮೆಯಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಕರುಳಿನಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಸತ್ತು ತೆರವಾದ ಜಾಗಕ್ಕೆ ಮದ್ದಿಗೆ ಜಗ್ಗದ ತಳಿಗಳು ಬಂದು ಕೂರುತ್ತವೆ. ನೆದರ್‌ಲ್ಯಾಂಡ್ಸ್‌ನ ಪ್ರವಾಸಿಗರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮೂವರಲ್ಲಿ ಒಬ್ಬರು ಹೊರದೇಶದಿಂದ ಇಂಥ ನಿರೋಧಕ ಬ್ಯಾಕ್ಟೀರಿಯಾವನ್ನು ಕರುಳಿನಲ್ಲಿ ಹೊತ್ತು ತಂದಿದ್ದರು. ದಕ್ಷಿಣ ಏಷ್ಯಾಕ್ಕೆ ಹೋಗಿಬಂದವರಲ್ಲಿ ಆ ಪ್ರಮಾಣ ನಾಲ್ಕರಲ್ಲಿ ಮೂರು. ಪ್ರವಾಸದಲ್ಲಿ ಆಂಟಿಬಯಾಟಿಕ್ ನುಂಗಿದವರಿಗೆ ಅಪಾಯ ಇನ್ನೂ ಹೆಚ್ಚು. ಅದು ಗೊತ್ತೂ ಆಗುವುದಿಲ್ಲ. ಆರು ತಿಂಗಳ ಮೇಲೆ ಮೂತ್ರದ ಸೋಂಕು ಬಂದು, ಮಾಮೂಲಿ ಮಾತ್ರೆಗೆ ಜಗ್ಗದೆ ಹೋದಾಗ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯಿರುವ ನಿಮಗೆ ಅದು ಸಣ್ಣ ಮಾತಲ್ಲ. ಇದೆಲ್ಲದರ ಮೇಲೆ, ತಡೆಗೆಂದು ಒಂದು ಮದ್ದು ನುಂಗುತ್ತಲೇ ಭೇದಿ ಬಂದರೆ ಚಿಕಿತ್ಸೆಗೆ ಬೇರೆಯದನ್ನೇ ಹುಡುಕಬೇಕು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವ ಕೆಲವರಿಗೆ ಇಂಥ ಸಲಹೆ ಕೊಡುವುದುಂಟು. ಆಗಲೂ ನಾವು ಆರಿಸುವುದು ಬಹುಮಟ್ಟಿಗೆ ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿಯುವ ರಿಫಾಕ್ಸಿಮಿನ್. ನೀವು ಆ ಗುಂಪಿನವರಲ್ಲ.

ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಎಂಬ ಮಾತ್ರೆ ಭೇದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಎರಡೆರಡು ಮಾತ್ರೆ ಅಗಿಯಬೇಕು, ನಾಲಗೆ, ಮಲ ಎರಡೂ ಕಪ್ಪಾಗುತ್ತವೆ. ಆಸ್ಪಿರಿನ್ ಒಗ್ಗದವರು, ಮೂತ್ರಪಿಂಡ ದುರ್ಬಲವಾಗಿರುವವರು, ರಕ್ತ ತೆಳುಮಾಡುವ ಮದ್ದಿನಲ್ಲಿರುವವರು, ಗರ್ಭಿಣಿಯರು ಮುಟ್ಟಬಾರದು. ಮಗುವಿಗೂ ಬೇಡ. ಎಲ್ಲ ದೇಶಗಳಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಪ್ರೊಬಯಾಟಿಕ್ ಪೊಟ್ಟಣಗಳ ಬಗ್ಗೆ ಪುರಾವೆ ಗಟ್ಟಿಯಾಗಿಲ್ಲ, ನಾನು ಬರೆಯುವುದಿಲ್ಲ.

ಈಗ ಎರಡನೇ ಸಂಗತಿಗೆ ಬರೋಣ. ಭೇದಿಯಲ್ಲಿ ಮನುಷ್ಯನನ್ನು ಆಸ್ಪತ್ರೆ ಸೇರಿಸುವುದು ಸಾಮಾನ್ಯವಾಗಿ ರೋಗಾಣುವಲ್ಲ, ಮೈಯಿಂದ ಹರಿದುಹೋದ ನೀರು ಮತ್ತು ಉಪ್ಪು. ಇ. ಕೋಲೈಯ ವಿಷ ಕರುಳಿನ ಗೋಡೆಯಲ್ಲಿ ನಲ್ಲಿ ತಿರುಗಿಸಿ ಬಿಟ್ಟ ಹಾಗೆ ನೀರು ಸುರಿಸುತ್ತದೆ. ಆದರೆ ಅದೇ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಅನ್ನು ಜೊತೆಜೊತೆಯಾಗಿ ಒಳಗೆಳೆಯುವ ವ್ಯವಸ್ಥೆ ಕೆಟ್ಟಿರುವುದಿಲ್ಲ. ಅವೆರಡೂ ಒಳಹೋದಾಗ ನೀರೂ ಹಿಂದೆಯೇ ಹೋಗುತ್ತದೆ. ಓಆರ್‌ಎಸ್‌ನ ಗುಟ್ಟು ಇಷ್ಟೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನೋಬಿಸ್ ಅವರು ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು 30 ಶೇಕಡಾ ಇದ್ದ ಸಾವಿನ ಪ್ರಮಾಣ 4 ಶೇಕಡಾಕ್ಕಿಂತ ಕೆಳಗಿಳಿಯಿತು. ಇಷ್ಟು ಅಗ್ಗದ ಪೊಟ್ಟಣವಾದ್ದರಿಂದಲೋ ಏನೋ, ಜನ ಅದನ್ನು ಮದ್ದು ಎಂದೇ ಎಣಿಸುವುದಿಲ್ಲ.

ನಿಮ್ಮ ಸಕ್ಕರೆಯ ಭಯಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಚಮಚ. ಅದೂ ಭೇದಿಯಾಗುತ್ತಿರುವ ಹೊತ್ತಿನಲ್ಲಿ, ಇಡೀ ಲೀಟರಿಗೆ. ಧಾರಾಳವಾಗಿ ಕುಡಿಯಿರಿ, ಗ್ಲೂಕೋಮೀಟರ್ ಜೊತೆಗಿರಲಿ. ‘ಶುಗರ್‌ಲೆಸ್’ ಓಆರ್‌ಎಸ್ ಹುಡುಕಬೇಡಿ, ಗ್ಲೂಕೋಸ್ ಇಲ್ಲದಿದ್ದರೆ ಅದರ ಕೆಲಸವೇ ನಡೆಯುವುದಿಲ್ಲ. ಕೋಲಾದಂಥ ಪಾನೀಯಗಳಲ್ಲಿ ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅವು ಭೇದಿಯನ್ನು ಹೆಚ್ಚಿಸಿಬಿಡಬಹುದು.

ಕಲಸುವಾಗ ಆಗುವ ತಪ್ಪನ್ನು ಮತ್ತೆಮತ್ತೆ ನೋಡಿದ್ದೇನೆ. ಒಂದು ಲೀಟರಿನ ಪೊಟ್ಟಣ ಹರಿದು, ಅಂದಾಜಿನಲ್ಲಿ ಒಂದಿಷ್ಟು ಪುಡಿಯನ್ನು ಲೋಟಕ್ಕೆ ಸುರಿದು, ಉಳಿದದ್ದನ್ನು ಮಡಚಿ ಇಡುತ್ತಾರೆ. ಲೋಟದ ನೀರು ಒಮ್ಮೆ ಸಮುದ್ರದ ಹಾಗೆ ಉಪ್ಪಾಗಿರುತ್ತದೆ, ಒಮ್ಮೆ ಸಪ್ಪೆ. ಉಪ್ಪು ಮಿತಿಮೀರಿದರೆ ಮಗುವಿಗೆ ಅಪಾಯ. ಸೀಲು ಒಡೆಯದ ಒಂದು ಲೀಟರ್ ನೀರಿನ ಬಾಟಲಿ ತೆಗೆದುಕೊಳ್ಳಿ. ಪುಡಿ ಹಾಕುವಾಗ ಉಕ್ಕದಿರಲೆಂದು ಒಂದಿಷ್ಟು ನೀರನ್ನು ಶುದ್ಧವಾದ ಲೋಟಕ್ಕೆ ಬಗ್ಗಿಸಿ, ಪುಡಿಯನ್ನು ಪೂರ್ತಿ ಬಾಟಲಿಗೆ ಹಾಕಿ, ಬಗ್ಗಿಸಿದ ನೀರನ್ನು ಮರಳಿ ಸೇರಿಸಿ ಕುಲುಕಿ. ಕಲಸಿದ ಹೊತ್ತನ್ನು ಬಾಟಲಿ ಮೇಲೆ ಬರೆದಿಡಿ, 24 ಗಂಟೆಯಾದ ಮೇಲೆ ಚೆಲ್ಲಿ. ಪೊಟ್ಟಣಗಳು ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ, ಎಷ್ಟು ನೀರಿಗೆ ಎಂಬುದನ್ನು ಓದಿಕೊಳ್ಳಿ. ಪೊಟ್ಟಣವೇ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜೊತೆಗೆ ಹೊಟ್ಟೆಗೆ ಒಗ್ಗಿದ ಮೆತ್ತನೆಯ ಆಹಾರ ತಿನ್ನುತ್ತಿರಿ. ಉಪವಾಸ ಹಾಕಿದರೆ ಭೇದಿ ಬೇಗ ನಿಲ್ಲುತ್ತದೆ ಎಂಬುದು ತಪ್ಪು, ಅದರಲ್ಲೂ ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರಿಗೆ ಅಪಾಯಕಾರಿ.

‘ವಿಷ ಒಳಗೇ ನಿಲ್ಲುತ್ತದೆ’ ಎನ್ನುವ ಭಯ ಅರ್ಧ ನಿಜ. ಭೇದಿ ನಿಲ್ಲಿಸುವ ಮಾತ್ರೆಯಾದ ಲೋಪೆರಮೈಡ್ ಕರುಳಿನ ದ್ವಾರಕ್ಕೆ ಬೀಗ ಹಾಕುವುದಿಲ್ಲ. ಕರುಳಿನ ಓಟವನ್ನು ನಿಧಾನಿಸುತ್ತದೆ, ನೀರು ಮತ್ತೆ ಹೀರಿಕೊಳ್ಳಲು ಸಮಯ ಸಿಗುತ್ತದೆ. ಜ್ವರವಿಲ್ಲದ, ರಕ್ತವಿಲ್ಲದ ನೀರಿನಂಥ ಭೇದಿಯಲ್ಲಿ ದೊಡ್ಡವರಿಗೆ ಅದು ಸುರಕ್ಷಿತ. ಆರು ಗಂಟೆ ಬಸ್ಸಿನಲ್ಲಿ ಕೂರಬೇಕಾದವರಿಗೆ ವರವೇ ಸರಿ. ಮೊದಲಿಗೆ 2 ಮಿಲಿಗ್ರಾಂನ ಎರಡು ಮಾತ್ರೆ, ಆಮೇಲೆ ಪ್ರತಿ ಸಲ ತೆಳ್ಳಗೆ ಹೋದ ಮೇಲೆ ಒಂದು. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ ಒಟ್ಟು ನಾಲ್ಕನ್ನು ಮೀರಬೇಡಿ, ಅತಿಯಾದರೆ ಹೃದಯದ ಬಡಿತವೇ ಏರುಪೇರಾಗಬಹುದು. ಎರಡು ದಿನದಲ್ಲಿ ಹಿಡಿತಕ್ಕೆ ಬಾರದಿದ್ದರೆ ನಿಲ್ಲಿಸಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಹೊಟ್ಟೆ ಉಬ್ಬಿ ಬಿಗಿದರೆ ಲೋಪೆರಮೈಡ್ ಮುಟ್ಟಬಾರದು. ನಿಮ್ಮ ಸ್ನೇಹಿತರ ಎಚ್ಚರಿಕೆ ಅಂಥ ಹೊತ್ತಿಗೆ ಸರಿ.

ಆಂಟಿಬಯಾಟಿಕ್ ಒಂದು ಚೀಟಿಯ ಸಮೇತ ನಿಮ್ಮ ಕೈಚೀಲದಲ್ಲಿರಲಿ, ಆದರೆ ಕೆಟ್ಟ ದಿನಕ್ಕೆ ಮಾತ್ರ. ದಿನಕ್ಕೆ ಮೂರು-ನಾಲ್ಕು ಸಲ ಹೋಗಿ, ಓಡಾಡಿಕೊಂಡಿರುವಷ್ಟು ತ್ರಾಣವಿದ್ದರೆ ಅದು ಬೇಡ. ಹಾಸಿಗೆ ಬಿಟ್ಟು ಏಳಲಾಗದಷ್ಟು ಭೇದಿ, ಜ್ವರ, ರಕ್ತ ಇವುಗಳಲ್ಲಿ ಒಂದಿದ್ದರೂ ಶುರುಮಾಡಬಹುದು. ಆಗ ಮೊದಲ ಆಯ್ಕೆ ಅಜಿತ್ರೊಮೈಸಿನ್: ಒಂದೇ ಸಲಕ್ಕೆ 1000 ಮಿಲಿಗ್ರಾಂ, ಇಲ್ಲವೇ ದಿನಕ್ಕೆ 500ರಂತೆ ಮೂರು ದಿನ. ಒಟ್ಟಿಗೆ ನುಂಗಿದರೆ ಕೆಲವರಿಗೆ ವಾಕರಿಕೆ ಬರುತ್ತದೆ, ಅಂಥವರು ಅದೇ ದಿನ ಎರಡು ಭಾಗ ಮಾಡಿ ನುಂಗಬಹುದು. ಸಾಮಾನ್ಯವಾಗಿ ಭೇದಿ ಒಂದು-ಒಂದೂವರೆ ದಿನ ಮೊದಲೇ ನಿಲ್ಲುತ್ತದೆ. ನಿಮ್ಮ ಹಾಗೆ ಐದು ದಿನ ಎಳೆಯಬೇಕಿಲ್ಲ. ಒಂದೇ ಪ್ರಮಾಣಕ್ಕೆ 24 ಗಂಟೆಯಲ್ಲಿ ಭೇದಿ ನಿಂತರೆ ಅಷ್ಟಕ್ಕೇ ಮುಗಿಸಬಹುದು. ಹೃದಯಬಡಿತದ ತೊಂದರೆಗೆ ಮದ್ದು ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಬೇಕು. ಹಿಂದೆ ಎಲ್ಲರೂ ಒಯ್ಯುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ನಿಮಗೆ ಬೇಡ. ಆಗ್ನೇಯ ಮತ್ತು ದಕ್ಷಿಣ ಏಷ್ಯಾದಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಅದಕ್ಕೆ ಜಗ್ಗುವುದು ಕಡಿಮೆ. ಸ್ನಾಯುರಜ್ಜುಗಳಿಗೆ ಪೆಟ್ಟು ಕೊಡುವುದರ ಜೊತೆಗೆ, ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಿಬಿಡುವ ಅಪಾಯವೂ ಅದಕ್ಕಿದೆ.

ನಿಮ್ಮ ದಿನನಿತ್ಯದ ಮಾತ್ರೆಗಳನ್ನೂ ಮರೆಯಬೇಡಿ. ಮೈ ಒಣಗಿರುವಾಗ ಟೆಲ್ಮಿಸಾರ್ಟನ್ ಗುಂಪಿನ ಮದ್ದುಗಳು, ಮೂತ್ರ ಹೋಗಿಸುವ ಬಿಪಿ ಮಾತ್ರೆಗಳು ಮೂತ್ರಪಿಂಡದ ಮೇಲೆ ಭಾರ ಹಾಕುತ್ತವೆ. ಮೂತ್ರಪಿಂಡ ಸೋತರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಶೇಖರವಾಗುತ್ತದೆ. ವಾಂತಿ-ಭೇದಿ ಜೋರಾಗಿರುವ ದಿನ ಯಾವುದನ್ನು ನಿಲ್ಲಿಸಬೇಕು, ಮತ್ತೆ ಯಾವಾಗ ಶುರುಮಾಡಬೇಕು ಎಂದು ನಿಮ್ಮ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಆ ಹೊತ್ತಿನಲ್ಲಿ ನುಂಗಬೇಡಿ, ಪ್ಯಾರಾಸಿಟಮಾಲ್ ಸಾಕು.

ಮೊಮ್ಮಗಳಿಗೆ ಲೋಪೆರಮೈಡ್ ಬೇಡವೇ ಬೇಡ, ದೊಡ್ಡವರ ಆಂಟಿಬಯಾಟಿಕ್ ಮುರಿದು ಕೊಡುವುದೂ ಬೇಡ. ಅವಳಿಗೆ ಮದ್ದೆಂದರೆ ಓಆರ್‌ಎಸ್. ಪ್ರತಿ ಸಲ ತೆಳ್ಳಗೆ ಹೋದ ಮೇಲೆ 100ರಿಂದ 200 ಮಿಲಿಲೀಟರ್. ಮಗು ಕುಡಿದದ್ದನ್ನೆಲ್ಲ ಕಕ್ಕುತ್ತದೆ ಎಂದು ದೂರುವವರನ್ನು ಕೇಳಿದರೆ ಬಹುತೇಕ ಲೋಟವಿಡೀ ಒಂದೇ ಗುಕ್ಕಿಗೆ ಕುಡಿಸಿರುತ್ತಾರೆ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು, ಗಡಿಯಾರ ನೋಡಿಕೊಂಡು ಎರಡು-ಮೂರು ನಿಮಿಷಕ್ಕೊಂದು ಚಮಚ ಕೊಡಿ. ಬೇಸರದ ಕೆಲಸ, ಮನೆಯವರು ಸರದಿಯ ಮೇಲೆ ಕೂರಬೇಕಾಗುತ್ತದೆ. ಆದರೆ ಹಾಗೆ ಕೊಟ್ಟದ್ದು ಹೊಟ್ಟೆಯಲ್ಲಿ ಉಳಿಯುತ್ತದೆ. ಆರೇಳು ಗಂಟೆ ಮೂತ್ರ ಹೋಗದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದರೆ, ಮಂಕಾಗಿ ಒರಗಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡವರು ಆಸ್ಪತ್ರೆಗೆ ಹೋಗಬೇಕಾದದ್ದು ಮಲದಲ್ಲಿ ರಕ್ತ, 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ನಿಲ್ಲದ ವಾಂತಿ, ಬಿಡದ ಹೊಟ್ಟೆನೋವು, ಎದ್ದುನಿಂತರೆ ಕಣ್ಣು ಕತ್ತಲೆ ಬರುವುದು ಇವು ಕಂಡಾಗ. ನಿಮ್ಮ ವಿಷಯದಲ್ಲಿ ರಕ್ತದ ಸಕ್ಕರೆ ಹಿಡಿತ ತಪ್ಪಿದರೂ ಕಾಯಬೇಡಿ.

ಲಸಿಕೆಗಳ ಬಗ್ಗೆ ನೀವು ಕೇಳಿಲ್ಲ. ಹೋಗುವ ಜಾಗ ನೋಡಿಕೊಂಡು ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬೇಕಾಗಬಹುದು. ಪ್ರವಾಸಿ ಭೇದಿ ತರುವ ಹೆಚ್ಚಿನ ರೋಗಾಣುಗಳಿಗೆ ಲಸಿಕೆ ಇಲ್ಲ. ಓಆರ್‌ಎಸ್ ಪೊಟ್ಟಣ, ಲೋಪೆರಮೈಡ್, ಥರ್ಮಾಮೀಟರ್, ನಿಮ್ಮ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸ್ ಒಂದು ಕಡೆ, ನೀವು ಒಂದು ಕಡೆ ಆಗುವುದುಂಟು.

ಊರಿಗೆ ಮರಳಿದ ಮೇಲೂ ಎರಡು ವಾರ ಮೀರಿ ಹೊಟ್ಟೆ ತೆಳ್ಳಗಿದ್ದರೆ ಜಿಯಾರ್ಡಿಯಾ ಇದೆಯೇ ಎಂದು ಮಲಪರೀಕ್ಷೆ ಮಾಡಿಸಬೇಕು. ಆಂಟಿಬಯಾಟಿಕ್ ನುಂಗಿದ್ದರೆ ಯಾವುದು, ಎಷ್ಟು ದಿನ ಎಂದು ವೈದ್ಯರಿಗೆ ಹೇಳಿ, ಆ ಮದ್ದಿನ ನಂತರವೇ ಬರುವ ಬೇರೊಂದು ಬಗೆಯ ಕರುಳಿನ ಸೋಂಕೂ ಇದೆ. ಸೋಂಕು ಹೋದರೂ ಕೆಲವರಿಗೆ ತಿಂಗಳುಗಟ್ಟಲೆ ಹೊಟ್ಟೆ ನುಲಿಯುವುದು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಆಗುವುದು ಉಳಿಯುತ್ತದೆ. ಆಗ ಮತ್ತೆ ಮತ್ತೆ ಆಂಟಿಬಯಾಟಿಕ್ ನುಂಗುವುದರಿಂದ ಉಪಯೋಗವಿಲ್ಲ. ಮಲೇರಿಯಾ ಇರುವ ಪ್ರದೇಶಕ್ಕೆ ಹೋಗಿದ್ದು ಭೇದಿಯ ಜೊತೆ ಜ್ವರವೂ ಇದ್ದರೆ, ಅದನ್ನು ಬರೀ ಹೊಟ್ಟೆಯ ತೊಂದರೆ ಎಂದು ಬಿಡದೆ ಅವತ್ತೇ ಮಲೇರಿಯಾಕ್ಕೆ ರಕ್ತಪರೀಕ್ಷೆ ಮಾಡಿಸಿ.